ಗೆದ್ದರೂ ದೇಶಗಳು ಬಿಟ್ಟುಹೋಗುವುದೇಕೆ?

ಪ್ರಶ್ನೆ: ‘ಎಕ್ಸ್‌ಕಾಮ್: ಎನಿಮಿ ಅನ್‌ನೋನ್’ (2012) ಎಂಬ, ಭೂಮಿಗೆ ನುಗ್ಗಿದ ಅನ್ಯಗ್ರಹದವರನ್ನು ಎದುರಿಸುವ ಕಂಪ್ಯೂಟರ್ ಆಟದಲ್ಲಿ ಹೋದ ಕಾಳಗವನ್ನೆಲ್ಲ ಗೆದ್ದಿದ್ದೇನೆ. ಆದರೂ ಭಾರತ, ಜಪಾನ್ ಎರಡೂ ನಮಗೆ ಹಣ ಕೊಡುವ ದೇಶಗಳ ಒಕ್ಕೂಟ ಬಿಟ್ಟುಹೋದವು. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಪ್ಪಿದ್ದು ನೀವು ಹೋಗದ ಕಾಳಗಗಳಲ್ಲಿ. ಜನರನ್ನು ಹೊತ್ತೊಯ್ಯಲು ಅನ್ಯಗ್ರಹದವರು ಸಾಮಾನ್ಯವಾಗಿ ಒಂದೇ ಹೊತ್ತಿಗೆ ಮೂರು ದೇಶಕ್ಕೆ ಇಳಿಯುತ್ತಾರೆ. ನಿಮ್ಮ ತಂಡ ಹೋಗಬಹುದಾದದ್ದು ಒಂದು ಕಡೆಗೆ. ಉಳಿದೆರಡರಲ್ಲಿ ಪ್ಯಾನಿಕ್ (ಐದು ಪಟ್ಟಿಗಳಲ್ಲಿ ತೋರಿಸುವ ಜನರ ಭೀತಿಯ ಮಟ್ಟ) ಏರುತ್ತದೆ, ಆ ಖಂಡದ ಬೇರೆ ದೇಶಗಳಿಗೂ ಬಿಸಿ ತಟ್ಟುತ್ತದೆ. ಭಾರತ, ಚೀನಾ, ಜಪಾನ್, ಆಸ್ಟ್ರೇಲಿಯಾ ಒಂದೇ ಗುಂಪು. ಚೀನಾವನ್ನು ಕಡೆಗಣಿಸಿದರೆ ಭಾರತದ ಪಟ್ಟಿಯೂ ಏರುತ್ತದೆ.

ಐದು ಪಟ್ಟಿ ತುಂಬಿದ ತಕ್ಷಣ ದೇಶ ಹೋಗುವುದಿಲ್ಲ. ತೀರ್ಮಾನ ತಿಂಗಳ ಕೊನೆಯಲ್ಲಿ ಬರುವ ಕೌನ್ಸಿಲ್ (ಅದೇ ಒಕ್ಕೂಟ) ವರದಿಯಲ್ಲಿ. ಹೋದ ದೇಶ ಮರಳಿ ಬರುವುದಿಲ್ಲ, ಅದರ ಹಣವೂ ನಿಲ್ಲುತ್ತದೆ. 16ರಲ್ಲಿ 8 ಹೋದರೆ ಆಟವೇ ಮುಗಿಯಿತು.

ಮದ್ದು ಉಪಗ್ರಹ. ಒಂದಕ್ಕೆ 100 ಕ್ರೆಡಿಟ್, ತಯಾರಾಗಲು 20 ದಿನ. ಅಂದರೆ 10ನೇ ತಾರೀಕು ದಾಟಿದ ಮೇಲೆ ಆರ್ಡರ್ ಕೊಟ್ಟದ್ದು ಆ ತಿಂಗಳ ವರದಿಗೆ ಒದಗುವುದಿಲ್ಲ. ಅದನ್ನು ನಡೆಸಲು ಅಪ್‌ಲಿಂಕ್ ಕೊಠಡಿಯೂ ಬೇಕು; ಅದಕ್ಕೆ 14 ದಿನ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ: ಉಪಗ್ರಹ ಗೋದಾಮಿನಲ್ಲಿರುತ್ತದೆ, ಅಪ್‌ಲಿಂಕ್ ಕಟ್ಟಲು ಎಂಜಿನಿಯರ್‌ಗಳು ಸಾಲುವುದಿಲ್ಲ. ಹಾಗಾಗಿ ಶುರುವಿನಲ್ಲಿ ಎಂಜಿನಿಯರ್‌ಗಳನ್ನು ಬಹುಮಾನವಾಗಿ ಕೊಡುವ ಕಾಳಗಕ್ಕೇ ಹೋಗಿ. ಲೇಸರ್ ಬಂದೂಕಿನ ಆಸೆ ಒಂದು ತಿಂಗಳು ಕಾಯಲಿ.

ತಯಾರಾದ ಉಪಗ್ರಹವನ್ನು ಕೂಡಲೇ ಹಾರಿಸಬೇಡಿ. ವರದಿಗೆ ಒಂದೆರಡು ದಿನ ಇರುವಾಗ, ಪಟ್ಟಿ ತುಂಬಿರುವ ದೇಶದ ಮೇಲೆ ಹಾರಿಸಿ. ಹಾರಿಸಿದೊಡನೆ ಪ್ಯಾನಿಕ್ ಇಳಿಯುತ್ತದೆ, ಮುಂದೆ ಅಲ್ಲಿ ಅಪಹರಣವೂ ನಡೆಯುವುದಿಲ್ಲ. ಖಂಡವೊಂದರ ಎಲ್ಲ ದೇಶಗಳನ್ನೂ ಆವರಿಸಿದರೆ ಕೊಡುಗೆಯಿದೆ. ಆಫ್ರಿಕಾದಲ್ಲಿ ಮೂರೇ ದೇಶ, ಸಿಗುವುದು ಮಾಸಿಕ ಆದಾಯಕ್ಕೆ ಶೇ 30 ಹೆಚ್ಚಳ. ಆದರೆ ಆ ಖಂಡದಲ್ಲಿ ಯುದ್ಧವಿಮಾನ ಇಡದೆ ಉಪಗ್ರಹ ಹಾರಿಸಿದರೆ ಹಾರುತಟ್ಟೆ ಅದನ್ನು ಹೊಡೆದುರುಳಿಸೀತು.

ಪ್ರಶ್ನೆ: ‘ಎಕ್ಸ್‌ಕಾಮ್ 2’ರಲ್ಲಿ ಈ ದೇಶಗಳೆಲ್ಲ ಎಲ್ಲಿ ಹೋದವು?
– ಓದುಗರೊಬ್ಬರು, ಮಸ್ಕತ್

ಉತ್ತರ: ಶರಣಾದವು. 2016ರ ಈ ಆಟ ಮೊದಲನೆಯದರಲ್ಲಿ ನೀವು ಸೋತಿರಿ ಎಂದೇ ಶುರುವಾಗುತ್ತದೆ. ಕಾಲ 2035, ಆಳುವುದು ‘ಅಡ್ವೆಂಟ್’ ಎಂಬ ಕೈಗೊಂಬೆ ಸರ್ಕಾರ. ಓಲೈಸಲು ದೇಶಗಳಿಲ್ಲ, ‘ಇಂಟೆಲ್’ (ಕಲೆಹಾಕಿದ ಗುಪ್ತ ಮಾಹಿತಿ) ಖರ್ಚು ಮಾಡಿ ಒಂದೊಂದೇ ಪ್ರದೇಶದ ಬಂಡುಕೋರರ ಸಂಪರ್ಕ ಬೆಳೆಸಬೇಕು. ಗಡುವು ಹೇಳುವುದು ಅನ್ಯಗ್ರಹದವರ ‘ಅವತಾರ್’ ಎಂಬ ಗುಪ್ತ ಯೋಜನೆ ಎಷ್ಟು ಮುಂದುವರಿದಿದೆ ಎಂದು ತೋರಿಸುವ 12 ಮನೆಗಳ ಪಟ್ಟಿ. ಅದನ್ನು ಹಿಂದೆ ಸರಿಸಲು ಶತ್ರುವಿನ ರಹಸ್ಯ ನೆಲೆ ಒಡೆಯಬೇಕು, ಒಡೆಯಲು ಆ ಪ್ರದೇಶದ ಸಂಪರ್ಕ ಮೊದಲೇ ಇರಬೇಕು. ನಡುವೆ ರೇಡಿಯೊ ರಿಲೇ ಕಟ್ಟಿಕೊಂಡರೆ ಪಕ್ಕದ ಪ್ರದೇಶಕ್ಕೆ ಇಂಟೆಲ್ ಕಡಿಮೆ ಸಾಕು.