ಗ್ಯಾರೇಜನ್ನು ಅಮ್ಮನ ರೂಮ್ ಮಾಡಬಹುದಾ?

ಪ್ರಶ್ನೆ: ನಾವಿರುವುದು ಮೊದಲ ಮಹಡಿಯಲ್ಲಿ, ಕೆಳಗಡೆ ಬಾಡಿಗೆಯವರು. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. 10 ಅಡಿ ಅಗಲ, 16 ಅಡಿ ಉದ್ದದ ಕಾರ್ ಗ್ಯಾರೇಜ್ ಇದೆ. ಶಟರ್ ಕಿತ್ತು ಗೋಡೆ ಕಟ್ಟಿದರೆ ರೂಮ್ ರೆಡಿ ಅಂತಾರೆ ಮೇಸ್ತ್ರಿ. ಸರಿನಾ?
– ಓದುಗರೊಬ್ಬರು, ಮೈಸೂರು

ಉತ್ತರ: ಮೇಸ್ತ್ರಿ ಸ್ವಲ್ಪ ಅವಸರದಲ್ಲಿದ್ದಾರೆ. ಮೊದಲು ಟೇಪ್ ಹಿಡಿದು ನೆಲದಿಂದ ಸೂರಿನವರೆಗೆ ಅಳೆಯಿರಿ. ಜಾಗಕ್ಕೇನೂ ತೊಂದರೆಯಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕೇಳುವುದು 9.5 ಚದರ ಮೀಟರ್, ಅಂದರೆ ಸುಮಾರು 102 ಚದರ ಅಡಿ. ನಿಮ್ಮದು 160. ತಲೆನೋವಿರುವುದು ಎತ್ತರದ್ದು. ಗ್ಯಾರೇಜಿಗೆ 2.4 ಮೀಟರ್ ನಡೆಯುತ್ತೆ, ವಾಸದ ಕೋಣೆಗೆ 2.75 ಬೇಕು, ಹತ್ತಿರ ಹತ್ತಿರ 9 ಅಡಿ. ಅದರ ಜೊತೆಗೆ ನೆಲದ ಲೆಕ್ಕ ಬೇರೆ. ಗ್ಯಾರೇಜ್ ನೆಲ ಹೊರಗಿನ ಮಟ್ಟಕ್ಕಿಂತ 15 ಸೆಂ.ಮೀ. ಮೇಲಿದ್ದರೆ ಸಾಕು, ಮನೆಯದು 45 ಇರಬೇಕು. ನೆಲ ಒಂದಡಿ ಏರಿಸಿದಿರೋ, ಸೂರು ಒಂದಡಿ ಇಳಿದ ಹಾಗೆ! ಏರಿಸದೆ ಬಿಟ್ಟರೆ ಮಳೆಗಾಲದಲ್ಲಿ ಗೋಡೆಯ ಬುಡ ತೇವ ಹೀರುತ್ತೆ. ಗ್ಯಾರೇಜ್ ನೆಲ ಸಾಮಾನ್ಯವಾಗಿ ಗೇಟಿನ ಕಡೆ ಇಳಿಜಾರಾಗಿರುತ್ತೆ, ಮಂಚವೂ ವಾಲುತ್ತೆ.

ಕಿಟಕಿ ಹೊರಗಾಳಿಗೇ ತೆರೆಯಬೇಕು. ಪಕ್ಕದಲ್ಲೇ ಟಾಯ್ಲೆಟ್ ಬೇಕಲ್ವಾ? ಅದರ ಪೈಪಿಗೆ ಹೊರಗಿನ ಚರಂಡಿ ಚೇಂಬರ್‌ವರೆಗೆ ಇಳಿಜಾರು ಸಿಗುತ್ತಾ ನೋಡಿಸಿ.

ಮಂಜೂರಾದ ನಕ್ಷೆಯಲ್ಲಿ ಅದು ಪಾರ್ಕಿಂಗ್ ಅಂತಿದ್ದರೆ ಸುಮ್ನೆ ಗೋಡೆ ಎಬ್ಬಿಸುವ ಹಾಗಿಲ್ಲ. ಕಾರಿಗೆ ಬೇರೆ ಜಾಗ ತೋರಿಸಿ, ಬದಲಾದ ನಕ್ಷೆಗೆ ಪಾಲಿಕೆಯ ಒಪ್ಪಿಗೆ ಪಡೆಯಬೇಕು.

ನನ್ನನ್ನು ಕೇಳಿದರೆ, ಬಾಡಿಗೆಯವರ ಜೊತೆ ಮಾತಾಡಿ ಅವರನ್ನು ಮೇಲಕ್ಕೆ ಕಳಿಸಿ, ನೀವು ಕೆಳಗೆ ಬನ್ನಿ. ಖರ್ಚು ಬರೀ ಸಾಮಾನು ಸಾಗಿಸುವುದಕ್ಕೆ.