ಅಗ್ಗದ ಕರೆಂಟ್ ಯಾವ ಹೊತ್ತಿನದು?

ಶಿರಸಿಯ ಓದುಗರೊಬ್ಬರು ಎರಡು ಪುಟ ತುಂಬಾ ನಮ್ಮನ್ನು ಬೈದು ಬರೆದಿದ್ದಾರೆ. ಪತ್ರದ ತಿರುಳು ಇಷ್ಟು: ‘ಕೈಗಾ ವಿಸ್ತರಣೆ ಬೇಡ ಎನ್ನುವವರ ಲೇಖನ ಹಾಕುತ್ತೀರಿ. ಶರಾವತಿ ಪಂಪ್ಡ್ ಸ್ಟೋರೇಜ್ ಬೇಡ ಎನ್ನುವವರದ್ದೂ ಹಾಕುತ್ತೀರಿ. ಆಮೇಲೆ ಕರೆಂಟ್ ಹೋದರೆ ಸರ್ಕಾರವನ್ನು ಬೈಯುತ್ತೀರಿ. ಸೋಲಾರ್‌ಗೂ ಸಬ್ಸಿಡಿ ಬೇಡ, ಅಣುವಿಗೂ ಬೇಡ. ಎಲ್ಲವನ್ನೂ ಮಾರುಕಟ್ಟೆಗೆ ಬಿಡಿ. ಯಾವುದು ಅಗ್ಗವೋ ಅದು ಗೆಲ್ಲಲಿ.’

ಮಾನ್ಯರೇ,

ಮೊದಲನೇ ಏಟು ಸರಿಯಾಗಿಯೇ ಬಿದ್ದಿದೆ. ಎಲ್ಲದಕ್ಕೂ ಬೇಡ ಎನ್ನುವ ಚಾಳಿ ನಮ್ಮ ಪುಟಗಳಲ್ಲಿ ಇದೆ, ಒಪ್ಪಿದೆ. ಈ ಉತ್ತರವನ್ನೂ ಯುಪಿಎಸ್ ಕೊಂಯ್ ಎನ್ನುತ್ತಿರುವಾಗಲೇ ಬರೆಯುತ್ತಿದ್ದೇನೆ. ಆದರೆ ‘ಯಾವುದು ಅಗ್ಗವೋ ಅದು’ ಎಂಬಲ್ಲಿ ನನಗೊಂದು ತಕರಾರಿದೆ. ಅಗ್ಗ ಸರಿ, ಆದರೆ ಯಾವ ಹೊತ್ತಿನಲ್ಲಿ ಅಗ್ಗ?

ನಮ್ಮಲ್ಲಿ ಕರೆಂಟಿಗೂ ಒಂದು ಸಂತೆ ಇದೆ. 2008ರಿಂದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ನಾಳೆಯ ಕರೆಂಟನ್ನು ಇವತ್ತೇ ಹರಾಜು ಹಾಕುತ್ತಾರೆ. ಇಡೀ ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ ಒಂದೊಂದಕ್ಕೂ ಬೇರೆ ಬೇರೆ ದರ ಕಟ್ಟುತ್ತಾರೆ. ಬಿಸಿಲಿನ ದಿನ ಮಧ್ಯಾಹ್ನದ ತುಂಡುಗಳನ್ನು ನೋಡಿ: ಕೇಳುವವರೇ ಕಡಿಮೆ, ದರ ನೆಲ ಕಚ್ಚಿರುತ್ತದೆ. ಅದೇ ದಿನ ಸೂರ್ಯ ಮುಳುಗಿದ ಮೇಲಿನ ತುಂಡುಗಳನ್ನು ನೋಡಿ. ಮನೆಮನೆಯಲ್ಲಿ ದೀಪ, ಟಿವಿ, ಫ್ಯಾನು ಎಲ್ಲ ಒಟ್ಟಿಗೆ ಶುರು. ಬೇಸಿಗೆಯಲ್ಲಿ ಎಷ್ಟೋ ಸಂಜೆ ದರ ಯೂನಿಟ್ಟಿಗೆ 10 ರೂಪಾಯಿ ಮುಟ್ಟಿ ಅಲ್ಲೇ ನಿಲ್ಲುತ್ತದೆ. ನಿಲ್ಲುವುದು ಯಾಕೆ ಅಂದರೆ, ಮೇಲೆ ಹೋಗಬಾರದು ಎಂದು ನಿಯಂತ್ರಣ ಆಯೋಗ ಬೇಲಿ ಹಾಕಿದೆ. 2022ರ ಮಾರ್ಚಿನಲ್ಲಿ ದರ 20 ರೂಪಾಯಿಗೆ ಹೋದಾಗ ಮೊದಲು 12ಕ್ಕೆ, ಆಮೇಲೆ 10ಕ್ಕೆ ಕಟ್ಟಿದರು. ಇಷ್ಟು ಮುಕ್ತ ನಮ್ಮ ಮುಕ್ತ ಮಾರುಕಟ್ಟೆ!

2020ರ ಕೊನೆಯಲ್ಲಿ ಗುಜರಾತಿನ ಸೋಲಾರ್ ಹರಾಜಿನಲ್ಲಿ ಯೂನಿಟ್ಟಿಗೆ 1 ರೂಪಾಯಿ 99 ಪೈಸೆ ಬಂತು ಎಂದು ಎಲ್ಲರೂ ಕುಣಿದರು. ನಾವೂ ಕುಣಿದೆವು. ಆದರೆ ಅದು ಬಿಸಿಲಿನ ಹೊತ್ತಿನ ದರ. ರಾತ್ರಿ ಎಂಟಕ್ಕೆ ಅದೇ ಯೂನಿಟ್ ಬೇಕು ಅಂದರೆ ಬ್ಯಾಟರಿಯ ಖರ್ಚು ಸೇರಿಸಬೇಕು. ಇಲ್ಲವೇ ನೀವು ಹೇಳಿದ ಶರಾವತಿಯಂತೆ ಹಗಲು ನೀರು ಮೇಲಕ್ಕೆತ್ತಿ ಸಂಜೆ ಬಿಡುವ ಯೋಜನೆಯ ಖರ್ಚು ಸೇರಿಸಬೇಕು. ಗೇರುಸೊಪ್ಪೆಯಿಂದ ತಳಕಳಲೆಗೆ ನೀರೆತ್ತುವ ಆ 2,000 ಮೆಗಾವಾಟ್ ಯೋಜನೆ ಹೋಗುವುದು ಸಿಂಗಳೀಕಗಳ ಕಾಡಿನ ನಡುವೆ. ಕಾಡಿಗೆ ಸಂತೆಯಲ್ಲಿ ದರ ಎಷ್ಟು? ಯಾರೂ ಕಟ್ಟಿಲ್ಲ. ಹಾಗಾಗಿ ಲೆಕ್ಕದಲ್ಲಿ ಅದು ಪುಕ್ಕಟೆ.

ಪಾವಗಡದ ಕಥೆ ಮಾತ್ರ ನಿಮ್ಮ ಪರವಾಗಿದೆ, ಮುಚ್ಚಿಡುವುದಿಲ್ಲ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ. ಜಮೀನನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ತೆಗೆದುಕೊಂಡರು. ಶೇಂಗಾ ಹಾಕಿ ಮಳೆಗೆ ಕಾಯುತ್ತಿದ್ದವರಿಗೆ ಅದು ದೊಡ್ಡ ಮೊತ್ತವೇ. ಕೈಗಾ, ಕದ್ರಾ, ಲಿಂಗನಮಕ್ಕಿಯಲ್ಲಿ ಜಮೀನು ಕಳೆದುಕೊಂಡು, ಹಕ್ಕುಪತ್ರಕ್ಕೆ ತಲೆಮಾರುಗಟ್ಟಲೆ ಅಲೆದವರ ಮುಂದೆ ಇಟ್ಟು ನೋಡಿದರೆ ಇದು ಎಷ್ಟೋ ಮೇಲು. ಆದರೆ ಗುತ್ತಿಗೆಗೆ ಕೊಡಲು ಜಮೀನೇ ಇಲ್ಲದ ಕೂಲಿಯವರು? ಹೊಲವೇ ಇಲ್ಲ ಅಂದಮೇಲೆ ಕೂಲಿ ಎಲ್ಲಿ?

ಈಗ ಅಣುವಿಗೆ ಬರೋಣ. ಕೈಗಾದ ಬಗ್ಗೆ ನಾವು ಬರೀ ಕೆಟ್ಟದ್ದನ್ನೇ ಬರೆದಿದ್ದೇವೆ ಅನ್ನುತ್ತೀರಿ. ಇರಲಿ, ಎರಡೂ ಹೇಳುತ್ತೇನೆ. 1994ರ ಮೇನಲ್ಲಿ ಮೊದಲ ಘಟಕವನ್ನು ಕಟ್ಟುತ್ತಿರುವಾಗಲೇ ಅದರ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಅದೇ ಮೊದಲ ಘಟಕ 2016ರ ಮೇನಿಂದ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿ ಆಗ ವಿಶ್ವದಾಖಲೆ ಮಾಡಿತು. ಮಳೆಗಾಲ, ರಾತ್ರಿ, ಮೋಡ ಅನ್ನದೆ 220 ಮೆಗಾವಾಟ್‌ನ ಘಟಕ ಒಂದೇ ಸಮ ಓಡುವುದು ಸುಮ್ನೆ ಮಾತಲ್ಲ. ಅದನ್ನು ನಮ್ಮ ಪತ್ರಿಕೆ ಸಣ್ಣ ಸುದ್ದಿ ಮಾಡಿ ಮುಗಿಸಿತು. ತಪ್ಪಾಯಿತು.

ಆದರೆ ಅಣುಸ್ಥಾವರವನ್ನು ಮಾರುಕಟ್ಟೆಗೆ ಬಿಡಿ ಎನ್ನುವುದು ಮಾತ್ರ ನನಗೆ ಹೊಂದುವುದಿಲ್ಲ. ಮಾರುಕಟ್ಟೆಯ ತವರು ಅನ್ನುವ ಅಮೆರಿಕವನ್ನೇ ನೋಡಿ. ಅನಾಹುತವಾದರೆ ನಾವು ಕಟ್ಟಿಕೊಡಬೇಕಾದ ಪರಿಹಾರಕ್ಕೊಂದು ಮಿತಿ ಹಾಕಿ, ಇಲ್ಲದಿದ್ದರೆ ನಾವು ಬರುವುದಿಲ್ಲ ಎಂದು ಖಾಸಗಿಯವರು ಹಟ ಹಿಡಿದರು. 1957ರಲ್ಲಿ ಅದಕ್ಕೆಂದೇ ಪ್ರೈಸ್-ಆಂಡರ್ಸನ್ ಕಾನೂನು ಬಂತು. ಜಾರ್ಜಿಯಾದ ವೋಗ್ಟಲ್‌ನಲ್ಲಿ ಎರಡು ಹೊಸ ಘಟಕಕ್ಕೆ 1,400 ಕೋಟಿ ಡಾಲರ್ ಸಾಕು ಅಂದಿದ್ದರು. 2024ರಲ್ಲಿ ಮುಗಿಯುವ ಹೊತ್ತಿಗೆ ಅದು 3,000 ಕೋಟಿ ದಾಟಿತ್ತು, ಏಳು ವರ್ಷ ತಡ ಬೇರೆ. ಹೊರೆಯ ದೊಡ್ಡ ಪಾಲು ಅಲ್ಲಿನ ಗ್ರಾಹಕರ ಬಿಲ್ಲಿಗೆ ಬಿತ್ತು. ಅಣು ದುರಂತವಾದ ಫುಕುಶಿಮಾ ಸ್ಥಾವರದ ಕಂಪನಿಯನ್ನಂತೂ 2012ರಲ್ಲಿ ಜಪಾನ್ ಸರ್ಕಾರವೇ ತನ್ನ ಕೈಗೆ ತೆಗೆದುಕೊಳ್ಳಬೇಕಾಯಿತು.

ನಮ್ಮಲ್ಲೂ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ‘ಶಾಂತಿ’ ಕಾಯ್ದೆ ಖಾಸಗಿಯವರಿಗೆ ಬಾಗಿಲು ತೆರೆದಿದೆ. ಅದೇ ಕಾಯ್ದೆ ಸ್ಥಾವರ ನಡೆಸುವವರ ಹೊಣೆಗೆ ಹೆಚ್ಚೆಂದರೆ 3,000 ಕೋಟಿ ರೂಪಾಯಿಯ ಮಿತಿಯನ್ನೂ ಇಟ್ಟಿದೆ. ಅದರಾಚೆಗಿನದು ಸರ್ಕಾರದ ಪಾಲು, ಅಂದರೆ ನಿಮ್ಮದು ಮತ್ತು ನನ್ನದು. ಲಾಭ ಬಂದರೆ ಅಂಗಡಿಯವನಿಗೆ, ಅಂಗಡಿಗೆ ಬೆಂಕಿ ಬಿದ್ದರೆ ಊರಿಗೆ. ಇದನ್ನು ಸಬ್ಸಿಡಿ ಅನ್ನದೆ ಇನ್ನೇನು ಅನ್ನೋಣ? ಕೈಗಾ ಬೇಡ ಎಂದು 1989ರಲ್ಲಿ ಕಾರಂತರು ಚುನಾವಣೆಗೇ ನಿಂತು ಸೋತರು. ಅವರ ವಾದವೆಲ್ಲ ಒಪ್ಪಬೇಕೆಂದಿಲ್ಲ. ಆದರೆ ಇಂಥ ಅಪಾಯವನ್ನು ಹೊರುವ ಜನರನ್ನು ಕೇಳುವ ಒಂದು ಜಾಗ ಇರಬೇಕಲ್ವಾ? ಮತಪೆಟ್ಟಿಗೆ ಅಂಥ ಜಾಗ, ಹರಾಜುಕಟ್ಟೆ ಅಲ್ಲ.

ಸೋಲಾರ್‌ನವರೂ ಸಾಚಾ ಅಲ್ಲ ಬಿಡಿ. ಹೊರದೇಶದ ಫಲಕಗಳಿಗೆ 2022ರ ಏಪ್ರಿಲ್‌ನಿಂದ ಶೇ. 40 ಆಮದು ಸುಂಕ ಹಾಕಿ ಇಲ್ಲಿನ ತಯಾರಕರನ್ನು ಕಾಪಾಡಿದ್ದಾರೆ.

2023ರ ಅಕ್ಟೋಬರ್ ನಿಮಗೆ ನೆನಪಿರಬಹುದು. ಮಳೆ ಕೈಕೊಟ್ಟಿತ್ತು, ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುತ್ತಿದ್ದವು. ತ್ರೀ ಫೇಸ್ ಏಳು ಗಂಟೆ ಕೊಡಿ ಎಂದು ರೈತರು ರಸ್ತೆಗಿಳಿದರು. ಆಗ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ತೆಗೆದು, ಇಲ್ಲಿನ ಖಾಸಗಿ ಉತ್ಪಾದಕರು ಕರೆಂಟನ್ನು ಹೊರರಾಜ್ಯಕ್ಕೆ ಮಾರದೆ ನಮಗೇ ಕೊಡಬೇಕು ಎಂದಿತು. ಮಾರುಕಟ್ಟೆಯ ಲೆಕ್ಕದಲ್ಲಿ ಇದು ಅನ್ಯಾಯ. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತಾ ಮೋಟರ್ ಹಾಕಲು ಹೋಗುವವನ ಲೆಕ್ಕವೇ ಬೇರೆ. ನಾನಿದ್ದರೂ ಅದೇ ಆದೇಶಕ್ಕೆ ಸಹಿ ಹಾಕುತ್ತಿದ್ದೆ. ಅಂಥ ದಿನಗಳಲ್ಲಿ ಕೈಗಾದ ಕರೆಂಟ್ ಇರಲಿ ಎಂದೇ ನನಗೂ ಅನ್ನಿಸುತ್ತದೆ. ಆದರೆ ವಿಸ್ತರಣೆಯ ಐದು, ಆರನೇ ಘಟಕದ ನಿಜವಾದ ಖರ್ಚೆಷ್ಟು, ಹೊಣೆ ಯಾರದು ಎಂದು ಮೊದಲು ಹೇಳಲಿ.

ಇನ್ನು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ: ಮನೆ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದರೆ ಕೇಂದ್ರದವರು 78,000 ರೂಪಾಯಿ ಕೊಡುತ್ತಾರಂತೆ, ಹಾಕಿಸಬಹುದೇ ಎಂದು. ಸಬ್ಸಿಡಿ ಬೇಡ ಎಂದ ಕೈಯೇ ಇದನ್ನೂ ಬರೆದದ್ದು ನೋಡಿ ನಕ್ಕೆ. ಬೇಜಾರಾಗಬೇಡಿ. ಧಾರಾಳವಾಗಿ ಹಾಕಿಸಿ, ನಮ್ಮ ಮನೆ ಮೇಲೂ ಇದೆ. ಒಂದು ವಿಷಯ ಮಾತ್ರ ಮೊದಲೇ ಕೇಳಿಕೊಳ್ಳಿ, ಮಾರುವವರು ತಾವಾಗಿ ಹೇಳುವುದಿಲ್ಲ. ಬ್ಯಾಟರಿ ಇಲ್ಲದೆ ಬರೀ ಲೈನಿಗೆ ಕೂಡಿಸಿದ ಸೋಲಾರ್ ಆದರೆ, ಬೀದಿಯ ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತದೆ, ಸುಡು ಬಿಸಿಲಿದ್ದರೂ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲಿ ಎಂದು ಹಾಗೆ ಮಾಡಿರುತ್ತಾರೆ.

– ಸಂಪಾದಕ