ಡಿಪಿಕೆಜಿ ನಿಲ್ಲಿಸಿದ ಕೆಲಸವನ್ನು ಆಪ್ಟ್ ಮುಗಿಸುವುದು ಹೇಗೆ?
ಡೆಬಿಯನ್, ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ತಂತ್ರಾಂಶಗಳನ್ನು ಸ್ಥಾಪಿಸುವ ಸಾಧನಗಳು ಡಿಪಿಕೆಜಿ (dpkg) ಮತ್ತು ಆಪ್ಟ್ (apt). ಡಿಪಿಕೆಜಿ ಮೂಲಕ ಡೆಬ್ ಕಡತವನ್ನು (ತಂತ್ರಾಂಶದ ಪ್ಯಾಕೇಜನ್ನು) ಸ್ಥಾಪಿಸುವಾಗ ಅವಲಂಬನೆಗಳ, ಅಂದರೆ ಅದು ಕೆಲಸ ಮಾಡಲು ಬೇಕಾದ ಬೇರೆ ಪ್ಯಾಕೇಜುಗಳ, ದೋಷ ಬಂದದ್ದೇಕೆ, ಅದನ್ನು ಆಪ್ಟ್ ಸರಿಪಡಿಸಿದ್ದು ಹೇಗೆ ಎಂದು ತಾವು ಕೇಳಿದ್ದೀರಿ. ಡಿಪಿಕೆಜಿಯು ಕೊಟ್ಟ ಕಡತವನ್ನು ಬಿಚ್ಚಿ, ಸಂರಚಿಸಿ (ಬಳಕೆಗೆ ಸಿದ್ಧಗೊಳಿಸಿ), ತನ್ನ ಸ್ಟೇಟಸ್ ಕಡತದಲ್ಲಿ ದಾಖಲಿಸುತ್ತದೆಯೇ ಹೊರತು, ಅಗತ್ಯವಾದ ಬೇರೆ ಪ್ಯಾಕೇಜುಗಳನ್ನು ಹುಡುಕಿ ತರುವುದು ಅದರ ಕೆಲಸವಲ್ಲ. ಅವು ಇಲ್ಲದಿದ್ದರೆ ಸಾಮಾನ್ಯವಾಗಿ ಪ್ಯಾಕೇಜನ್ನು ಬಿಚ್ಚಿಟ್ಟು, ಸಂರಚಿಸದೆ ಬಿಡುತ್ತದೆ. ಆಪ್ಟ್ ಅದೇ ದಾಖಲೆಯನ್ನು ಓದಿ, ರೆಪಾಸಿಟರಿಗಳ (ಪ್ಯಾಕೇಜುಗಳ ಸಂಗ್ರಹಗಳ) ಪಟ್ಟಿಯೊಂದಿಗೆ ಹೋಲಿಸಿ, ಕೊರತೆಯಿರುವ ಪ್ಯಾಕೇಜುಗಳನ್ನು ಇಳಿಸಿಕೊಂಡು, ಸರಿಯಾದ ಕ್ರಮದಲ್ಲಿ ಪುನಃ ಡಿಪಿಕೆಜಿಯ ಕೈಗೇ ಒಪ್ಪಿಸುತ್ತದೆ. (ಇವೆರಡೂ ಪರಸ್ಪರ ಪ್ರತಿಸ್ಪರ್ಧಿಗಳೆಂದೇ ನಾನೂ ಬಹುಕಾಲ ಭಾವಿಸಿದ್ದೆ.) ಇನ್ನು ಮೇಲೆ ಕಡತದ ಹೆಸರಿನ ಆರಂಭದಲ್ಲಿ ಚುಕ್ಕಿ ಮತ್ತು ಓರೆಗೆರೆಯನ್ನು (./) ಸೇರಿಸಿ, ಅದನ್ನು ಆಪ್ಟ್ ಇನ್‌ಸ್ಟಾಲ್ ಆದೇಶಕ್ಕೇ ನೇರವಾಗಿ ಕೊಟ್ಟರೆ, ಅವಲಂಬನೆಗಳು ರೆಪಾಸಿಟರಿಯಲ್ಲಿ ಇರುವವರೆಗೆ ಈ ತೊಂದರೆ ಎದುರಾಗುವುದಿಲ್ಲ.